ಏಳು ಮೀಟರ್ ಕಡಿಮೆ

ಮಾರ್ಚ್ 3, 2017, ಶುಕ್ರವಾರ

ಕಚೇರಿಯ ಕಪಾಟಿನಲ್ಲಿ ಖಾಲಿ ಬಿದ್ದಿದ್ದ ಈ ಡೈರಿಯನ್ನು ಹೋದ ತಿಂಗಳು ಮನೆಗೆ ತಂದಾಗ ಬರೆಯುವುದಕ್ಕೆ ಏನೂ ಇರಲಿಲ್ಲ. ಈಗ ಇದೆ. ಯಾರ ಹತ್ತಿರವೂ ಹೇಳುವ ಹಾಗಿಲ್ಲ, ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಆಗುತ್ತಿಲ್ಲ.

ಹೆದ್ದಾರಿಯಿಂದ ಐನೂರು ಮೀಟರ್ ಒಳಗಿರುವ ಮದ್ಯದಂಗಡಿಗಳಿಗೆ ಈ ತಿಂಗಳ ಮೂವತ್ತೊಂದರ ನಂತರ ಪರವಾನಗಿ ಇರಕೂಡದು ಎಂದು ದೆಹಲಿಯ ದೊಡ್ಡ ಕೋರ್ಟು ಡಿಸೆಂಬರಿನಲ್ಲೇ ಹೇಳಿತ್ತು. ನಮ್ಮ ಅಬಕಾರಿ ಕಚೇರಿಯಲ್ಲಿ ಎಲ್ಲರೂ, ಶಿಲ್ಲಾಂಗಿನ ಸರ್ಕಾರದವರು ಏನಾದರೂ ಮಾಡುತ್ತಾರೆ ಎಂದು ಚಹಾ ಕುಡಿಯುತ್ತ ಕುಳಿತಿದ್ದರು. ಇವತ್ತು ಸೋತುನ್ ಸಾಹೇಬರು ನನ್ನನ್ನು ಒಳಗೆ ಕರೆದು, ಉರುಳಿದ ಮೀಟರುಗಳನ್ನು ಬುಡದ ಗಾಜಿನ ಡಬ್ಬಿಯಲ್ಲಿ ತೋರಿಸುವ, ಉದ್ದ ಹಿಡಿಯ ಅಳತೆಚಕ್ರವನ್ನು ಕೈಗೆ ಕೊಟ್ಟರು.

"ಬಾನ್‌ಶನ್, ಊರೂರು ತಿರುಗಿ ಅಳೀಬೇಕು. ಹಕ್ಕಿ ಹಾರೋ ಹಾಗೆ ನೇರ ಅಲ್ಲ, ಜನ ನಡೆಯೋ ದಾರೀಲೇ. ಸರಿಯಾಗಿ ಮಾಡಿದ್ರೆ ನಿನ್ನ ಖಾಯಂ ಮಾಡೋ ಫೈಲಿಗೆ ನಾನೇ ಎರಡು ಸಾಲು ಬರೀತೀನಿ."

ಹನ್ನೊಂದು ವರ್ಷದ ದಿನಗೂಲಿ ನಾನು. ಕುಣಿಯಬೇಕಿತ್ತು. ಆದರೆ ಪಟ್ಟಿ ನೋಡಿದೆ. ಹದಿನಾರನೆಯ ಹೆಸರು ಮಾವ್‌ಶಿಂಗ್ ಊರಿನ ನನ್ನ ತಂಗಿ ರಿಲಿನ್. ಹದಿನೇಳು, ಅದೇ ಊರಿನ ಅಮ್ಮನ ಗೆಳತಿ ಎಸ್ಟಿನಾ, ಊರಿಗೆಲ್ಲ 'ಕಾಂಗ್', ದೊಡ್ಡಕ್ಕ. ನಮ್ಮ ಕುಲದ ಹೆಸರಿನವರು ಈ ಸೀಮೆಯಲ್ಲಿ ಸಾವಿರ ಜನ. ರಿಲಿನ್ ನನ್ನ ತಂಗಿ ಎಂದು ಸಾಹೇಬರಿಗೆ ಗೊತ್ತಿಲ್ಲ. ಹೇಳಬೇಕಿತ್ತು. ಬಾಯಿ ತೆರೆದೆ, "ಆಗ್ಲಿ ಸರ್" ಎಂದು ಹೊರಬಂದೆ.

ಅಮ್ಮ ಕೊನೆಯ ದಿನ ನನ್ನ ಕೈ ಹಿಡಿದು, "ಮನೆ, ಅಂಗಡಿ ಕಿರಿಯವಳದ್ದು. ಕಾಯೋನು ನೀನು, ಅವಳ ಮಕ್ಕಳ ಸೋದರಮಾವ" ಎಂದಿದ್ದಳು. ನಾನಿರುವುದು ಹೆಂಡತಿ ದಾರಿಶಾಳ ಮನೆಯಲ್ಲಾದರೂ ಆ ಮಾತು ಇಳಿಸಿಡಲು ಬರುವ ಹೊರೆಯಲ್ಲ.

ಮಾರ್ಚ್ 6, ಸೋಮವಾರ

ಇವತ್ತು ಐದು ಅಂಗಡಿ. ಹೋದಲ್ಲೆಲ್ಲ ಅದೇ ತಮಾಷೆ: "ಏನಪ್ಪಾ, ಈ ವಯಸ್ಸಲ್ಲಿ ಆಟದ ಗಾಡಿ ತಳ್ತಾ ಇದೀಯಾ?"

ಒಬ್ಬ ಅಂಗಡಿಯವನು ನನ್ನ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದ. ಹಿತ್ತಿಲು ಮುಗಿದಲ್ಲಿಂದ ಕೆಳಗೆ ಕಮರಿ, ತಳ ಕಾಣದ ಮಂಜು. "ಐನೂರು ಮೀಟರ್ ಆಚೆ ಅಂದ್ರೆ ಅದೋ ಅಲ್ಲಿ, ಗಾಳೀಲಿ! ಬಾಟಲಿಗಳನ್ನ ಹದ್ದಿನ ಕಾಲಿಗೆ ಕಟ್ಲಾ? ದೆಹಲೀಲಿ ಕೂತೋರಿಗೆ ಬೆಟ್ಟ ಅಂದ್ರೇನು ಅಂತ ಯಾರೂ ಹೇಳಿಲ್ವಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನ ಹೆಂಡತಿ ಮಾತ್ರ ಬಾಗಿಲಿಗೆ ಒರಗಿಕೊಂಡು ನನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದಳು. ನಲವತ್ತೊಂದು ಮೀಟರ್ ಬಂದಿತ್ತು. ಅಷ್ಟನ್ನೇ ಬರೆದೆ. ಒಂದು ಬಾಟಲಿಯನ್ನು ಚೀಲಕ್ಕೆ ತುರುಕಲು ಬಂದ, ವಾಪಸ್ ಕೊಟ್ಟೆ. ಸುಳ್ಳು ಬರೆಯುವವನು ನಾನಲ್ಲ. ಅದಕ್ಕೇ ಗುರುವಾರ ಬರುವುದೇ ಬೇಡ ಎನಿಸುತ್ತದೆ. ಗುರುವಾರ ಮಾವ್‌ಶಿಂಗ್.

ಮಾರ್ಚ್ 9, ಗುರುವಾರ

ಜನ ಏಳುವ ಮುಂಚೆ ಮುಗಿಸೋಣ ಎಂದು ಏಳಕ್ಕೇ ತಲುಪಿದೆ. ದಟ್ಟ ಮಂಜು. ಹೆದ್ದಾರಿಯ ಅಂಚಿನಿಂದ ಇಳಿದಾರಿಯಲ್ಲಿ ಚಕ್ರ ತಳ್ಳಿಕೊಂಡು ರಿಲಿನ್ ಅಂಗಡಿಯ ಹೊಸ್ತಿಲಿಗೆ ಬಂದೆ. ಬಗ್ಗಿ ನೋಡಿದೆ. ನಾನೂರ ಎಂಬತ್ತಾರು.

ಮತ್ತೆ ಹತ್ತಿ, ಮತ್ತೆ ಇಳಿದೆ. ಈ ಸಲ ತಿರುವುಗಳಲ್ಲಿ ಹೊರಗಿನ ಅಂಚು ಹಿಡಿದು, ಹಂದಿಗೂಡನ್ನೂ ಸುತ್ತಿಕೊಂಡು ತಳ್ಳಿದೆ. ನಾನೂರ ತೊಂಬತ್ತು. ಥೂ!

ರಿಲಿನ್ ಚಹಾ ಹಿಡಿದು ಹೊರಗೆ ಬಂದಳು. "ಎಷ್ಟು ಬಂತಣ್ಣಾ?"

"ಇನ್ನೂ ಮುಗಿದಿಲ್ಲ ಕಣೆ."

"ಕಡಿಮೆ ಬಂದ್ರೆ ಬಾಯಿಬಿಟ್ಟು ಹೇಳ್ಬಿಡು. ನಾನೇನು ಅಳಲ್ಲ. ಸ್ಕೂಲು ಬಿಡಿಸಿ ಮಕ್ಕಳನ್ನೂ ಕರ್ಕೊಂಡು ಕಲ್ಲು ಒಡೆಯೋಕೆ ಹೋಗ್ತೀನಿ, ಅಷ್ಟೇ ತಾನೆ" ಎಂದಳು. ಅಳಲ್ಲ ಅಂದವಳು ಚಹಾದ ಲೋಟ ನನ್ನ ಕೈಗೆ ಕೊಡದೆ ಹಾಗೇ ಹಿಡಿದು ನಿಂತಳು.

ಐನೂರ ಹನ್ನೆರಡು ಎಂದು ಬರೆದೆ.

ಆಮೇಲೆ ಊರಿನ ಇನ್ನೊಂದು ಬದಿಗೆ, ಕಾಂಗ್ ಎಸ್ಟಿನಾಳ ಅಂಗಡಿಗೆ. ಅರವತ್ತು ದಾಟಿದೆ, ಆದರೂ ನನ್ನ ಜೊತೆಗೇ ಹಳ್ಳ ಬಳಸಿ ನಡೆದುಕೊಂಡು ಬಂದಳು, ದಾರಿಯುದ್ದಕ್ಕೂ ಅಮ್ಮನ ಸುದ್ದಿ. ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಕ್ವಾಯ್ ಮಡಚಿ ಕೊಟ್ಟಳು. ಚಕ್ರ ಐನೂರ ಏಳು ತೋರಿಸಿತು. ಆ ಮುದುಕಿ ಪಾರಾದಳು, ಒಳ್ಳೆಯದಾಯಿತು ಎಂದುಕೊಂಡೆ. "ಏನ್ ಮಗಾ, ಹೊರಗೋ ಒಳಗೋ?" ಎಂದು ಕೇಳಿದಳು. "ಕಚೇರೀಲಿ ಲೆಕ್ಕ ಹಾಕಿ ಹೇಳ್ತೀನಿ ಕಾಂಗ್" ಎಂದೆ. ಲೆಕ್ಕ ಹಾಕುವುದೇನಿತ್ತು? ಯಾಕೆ ಹಾಗಂದೆನೋ ಗೊತ್ತಿಲ್ಲ. ಆ ಸಾಲನ್ನು ಖಾಲಿ ಬಿಟ್ಟುಕೊಂಡೇ ಬಂದೆ.

ಮಾರ್ಚ್ 10, ಶುಕ್ರವಾರ

ಬೆಳಿಗ್ಗೆಯಿಂದ ವಹಿ ತೆಗೆದು ನೋಡುತ್ತಿದ್ದೇನೆ. ಪಟ್ಟಿಯಲ್ಲಿ ಇಪ್ಪತ್ತೆರಡು ಅಂಗಡಿ. ಇಪ್ಪತ್ತು ಒಳಗೆ. ಹೊರಗೆ ಉಳಿಯುವುದು ಎರಡೇ, ಅವೆರಡೂ ಮಾವ್‌ಶಿಂಗ್. ನೋಡಿದವನು ಕೇಳದೆ ಬಿಡುತ್ತಾನೆಯೇ? ಅದೇನಪ್ಪಾ ಆ ಊರಿನ ವಿಶೇಷ ಎಂದು ಇನ್ನೊಬ್ಬನನ್ನು ಅಳೆಯಲು ಕಳಿಸಿದರೆ ಮುಗಿಯಿತು. ಕೆಲಸ ಹೋಗುತ್ತದೆ, ಅಂಗಡಿ ಹೋಗುತ್ತದೆ, ಜೈಲೂ ಆಗಬಹುದು. ಒಂದು ಒಳಗೆ, ಒಂದು ಹೊರಗೆ ಇದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಕಾಂಗ್ ಎಸ್ಟಿನಾ: ನಾನೂರ ತೊಂಬತ್ತಮೂರು ಎಂದು ಬರೆದೆ.

ಬೇರೆ ದಾರಿ ಇರಲಿಲ್ಲ.

ಮಾರ್ಚ್ 12, ಭಾನುವಾರ

ಚರ್ಚಿನಲ್ಲಿ ಕಾಂಗ್ ಎಸ್ಟಿನಾ ನೇರ ಹಿಂದಿನ ಬೆಂಚಿಗೇ ಬಂದು ಕುಳಿತಳು. ಪ್ರಾರ್ಥನೆ ಮುಗಿಯುವವರೆಗೂ ಕುತ್ತಿಗೆಯ ಹಿಂದೆ ಇರುವೆ ಹರಿದಂತೆ. ಹೊರಗೆ ಬಂದಾಗ ಭುಜ ತಟ್ಟಿ, "ಯಾಕೋ ಸೊರಗಿದೀಯಾ? ದಾರಿಶಾ ಅನ್ನ ಹಾಕಲ್ವಾ?" ಎಂದಳು. ದಾರಿಶಾ ಸುಮ್ಮನಿರುವವಳೇ? "ಹಾಕ್ತೀನಿ ಕಾಂಗ್, ತಿನ್ನಲ್ಲ. ಹಂದಿಮಾಂಸದ ಜಾಡೊ ಮಾಡಿದ್ರೂ ತಟ್ಟೇಲಿ ಗೀರ್ತಾ ಕೂತಿರ್ತಾರೆ" ಎಂದು ಎಲ್ಲರ ಮುಂದೆ ಹೇಳಿಬಿಟ್ಟಳು. ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಬೈದೆ.

ಮಾರ್ಚ್ 15, ಬುಧವಾರ

ಪಟ್ಟಿಯನ್ನು ಮಾವ್‌ಶಿಂಗಿನಲ್ಲಿ ಅಂಟಿಸಿ ಬಾ ಎಂದು ನನ್ನನ್ನೇ ಕಳಿಸಿದರು. ರಿಲಿನ್ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದೆ. ಹತ್ತು ಹದಿನೈದು ಜನ ಸೇರಿದರು, ಊರ ಮುಖಂಡ ಒಲಿನ್‌ಸಿಂಗ್ ಕೂಡ. ಯಾರೋ ಗಟ್ಟಿಯಾಗಿ ಓದಿದರು. ಆಮೇಲೆ ಕಾಂಗ್ ಎಸ್ಟಿನಾ ಜನರ ನಡುವಿನಿಂದ ಮುಂದೆ ಬಂದಳು.

"ಇದೆಂಥ ಅಳತೆ ಮಗಾ? ನನ್ನ ಹೊಸ್ತಿಲಲ್ಲಿ ಕ್ವಾಯ್ ಬಾಯಿಗೆ ಹಾಕ್ಕೊಂಡು ಹೊರಟ್ರೆ ರಸ್ತೆ ಸಿಗೋ ಹೊತ್ತಿಗೆ ಅದು ಮುಗಿದು ಇನ್ನೊಂದು ಮಡಚಬೇಕು. ರಿಲಿನ್ ಹೊಸ್ತಿಲಿಂದ ಹೊರಟ್ರೆ ರಸ್ತೆ ಸಿಕ್ಕಿದ ಮೇಲೂ ಒಂದು ಚೂರು ದವಡೇಲಿ ಉಳಿದಿರುತ್ತೆ. ಹುಟ್ಟಿದಾಗಿನಿಂದ ಹೀಗೇ. ಈಗ ನಾನು ಹತ್ತಿರ, ಅವಳು ದೂರ ಹೇಗಾದ್ಲು?"

ಅಯ್ಯೋ ದೇವರೇ! ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಕಚೇರಿಯವರು, ಶಿಲ್ಲಾಂಗಿನವರು, ಕೋರ್ಟಿನವರು ಎಂದು ಎಲ್ಲರಿಗೂ ಹೆದರಿದ್ದೆ. ಊರಿನವರ ಬಾಯಲ್ಲೇ ಒಂದೊಂದು ದಾರಿಯ ಉದ್ದ ಇದೆ ಎಂಬುದನ್ನು ಮರೆತಿದ್ದೆ. ನಾನೂ ಅದೇ ಲೆಕ್ಕದಲ್ಲಿ ಬೆಳೆದವನು! ಎಲ್ಲರೂ ನನ್ನ ಕಡೆ ನೋಡಿದರು.

"ಕಾಂಗ್, ಕ್ವಾಯ್ ಲೆಕ್ಕ ಹಲ್ಲಿದ್ದೋರಿಗೆ. ನಿಮ್ಮ ಬಾಯಲ್ಲಿ ಎಷ್ಟು ಉಳಿದಿವೆ ಹೇಳಿ" ಎಂದೆ.

ಹೇಗೆ ಬಂತೋ ಆ ಮಾತು. ಜನ ಗೊಳ್ಳೆಂದರು. ಒಲಿನ್‌ಸಿಂಗ್ ಕಣ್ಣೊರೆಸಿಕೊಂಡು ನಕ್ಕರು. ಕಾಂಗ್ ಎಸ್ಟಿನಾ ಕೂಡ ಬೋಳು ಒಸಡು ತೋರಿಸಿ ನಕ್ಕಳು. "ಅದೂ ನಿಜ ಬಿಡು. ಬೊಚ್ಚುಬಾಯಿಯವಳ ಲೆಕ್ಕ ಕೋರ್ಟಿಗೆ ಆಗುತ್ತಾ? ಏಳು ಮೀಟರ್ ಕಡಿಮೆ ಬಿತ್ತು, ನನ್ನ ಹಣೆಬರಹ" ಎಂದು ಹೊರಟುಹೋದಳು. ನನಗೂ ನಗು ಬಂತು, ಉಸಿರೂ ಬಂತು. ರಿಲಿನ್ ಮಾತ್ರ ನಗಲಿಲ್ಲ. ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು.

ಮಾರ್ಚ್ 18, ಶನಿವಾರ

ಶಿಲ್ಲಾಂಗಿನಿಂದ ತಪಾಸಣೆಯವರು ಬರುತ್ತಾರಂತೆ. ಯಾವ ಅಂಗಡಿ ಬೇಕಾದರೂ ಮತ್ತೆ ಅಳೆಯುತ್ತಾರಂತೆ.

ಮಾರ್ಚ್ 19, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಜ್ವರ ಎಂದೆ.

ಮಾರ್ಚ್ 22, ಬುಧವಾರ

ಬಂದರು. ಮೂರು ಜನ, ಒಂದು ಜೀಪು. ಸೋತುನ್ ಸಾಹೇಬರ ಜೊತೆ ನನ್ನನ್ನೂ ಹತ್ತಿಸಿಕೊಂಡರು, ದಾರಿ ತೋರಿಸು ಎಂದು. ಹಿರಿಯ ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹದಿನಾರರ ಹತ್ತಿರ ನಿಲ್ಲಿಸಿದರು. "ಇದೊಂದೇ ಹೊರಗಿರೋದು, ಅಲ್ವಾ? ಐನೂರ ಹನ್ನೆರಡು."

"ಹೌದು ಸರ್."

"ಅದರ ಕೆಳಗಿನದ್ದು ಏಳು ಮೀಟರಲ್ಲಿ ಹೋಯ್ತಲ್ಲ, ಪಾಪ."

"ಹೌದು ಸರ್. ಆಕೆ ನಮ್ಮ ಅಮ್ಮನ ಸ್ನೇಹಿತೆ. ಆದ್ರೂ ಏನ್ಮಾಡೋದು, ಬಂದಷ್ಟು ಬರೀಬೇಕಲ್ಲ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ಸೋತುನ್ ಸಾಹೇಬರ ಕಡೆ ತಿರುಗಿ, "ಇಂಥೋರು ಸಿಗೋದು ಕಷ್ಟ ಕಣ್ರೀ" ಎಂದರು. ಮಾವ್‌ಶಿಂಗಿಗೆ ಹೋಗಲೇ ಇಲ್ಲ. ಬೇರೆ ಎರಡು ಅಂಗಡಿ ಅಳೆದರು, ಎರಡೂ ನನ್ನ ಅಂಕಿಗೆ ಸರಿಹೋದವು. ಹೋಗುವಾಗ ನನ್ನ ಬೆನ್ನು ತಟ್ಟಿದರು.

ನಿಜ ಹೇಳಬೇಕೆಂದರೆ ಆ ಚಕ್ರವೂ ಅಷ್ಟು ನಂಬುವಂಥದ್ದಲ್ಲ. ಕಲ್ಲಿನ ಮೇಲೆ ಜಾರುತ್ತದೆ. ಅವತ್ತು ಮಂಜು ಬೇರೆ. ಐನೂರ ಏಳೋ, ನಾನೂರ ತೊಂಬತ್ತಮೂರೋ, ಯಾರು ಕಂಡರು.

ಮಾರ್ಚ್ 28, ಮಂಗಳವಾರ

ಮೊದಲೇ ಪರವಾನಗಿ ಒಪ್ಪಿಸಿದವರಿಗೆ ಠೇವಣಿ ಬೇಗ ಸಿಗುತ್ತದೆ ಎಂದು ಯಾರೋ ಹೇಳಿದರಂತೆ. ಕಾಂಗ್ ಎಸ್ಟಿನಾ ಇವತ್ತು ಕಚೇರಿಗೆ ಬಂದಳು, ಮಗಳನ್ನೂ ಹಾಲುಗೂಸು ಮೊಮ್ಮಗುವನ್ನೂ ಕರೆದುಕೊಂಡು. ಸೋತುನ್ ಸಾಹೇಬರು, "ಮೂರು ದಿನ ಕಾಯಿರಿ ಕಾಂಗ್, ನಮ್ಮ ಸರ್ಕಾರದ ವಕೀಲರು ದೆಹಲೀಲಿ ವಾದ ಮಾಡ್ತಾ ಇದಾರೆ. ಬೆಟ್ಟದ ರಾಜ್ಯಕ್ಕೆ ವಿನಾಯಿತಿ ಸಿಕ್ರೂ ಸಿಗಬಹುದು" ಎಂದರು.

"ಸಿಕ್ಕಿದ್ರೆ ಸಿಗಲಿ ಸಾಹೇಬ್ರೇ. ನನ್ನನ್ನ ಪೊಲೀಸ್ರು ಬಂದು ಎಬ್ಬಿಸೋದು ಬೇಡ. ಇವನೇ ಅಳೆದದ್ದು, ಇವರಮ್ಮನ ಕೈಯಲ್ಲಿ ನಾನು ಅನ್ನ ತಿಂದಿದೀನಿ. ಇವನು ಒಳಗೆ ಅಂದ್ಮೇಲೆ ಒಳಗೇ" ಎಂದು ಹೆಬ್ಬೆಟ್ಟು ಒತ್ತಿದಳು. ಮಸಿಯ ಡಬ್ಬಿ ಹಿಡಿದವನು ನಾನು.

ನಾನು ಏನಾದರೂ ಅನ್ನಬೇಕಿತ್ತೇ? ಏನೆನ್ನಲಿ? ಏಳು ಮೀಟರ್ ಕಡಿಮೆ ಬಿದ್ದದ್ದು ನನ್ನ ತಪ್ಪೇ? ಕೋರ್ಟು ಐನೂರು ಎನ್ನುವ ಬದಲು ನಾನೂರ ತೊಂಬತ್ತು ಎಂದಿದ್ದರೆ ಪಾರಾಗುತ್ತಿದ್ದಳು. ಎಲ್ಲರೂ ನನ್ನ ತಲೆಗೇ ಯಾಕೆ ಕಟ್ಟುತ್ತಾರೆ!

ಮಾರ್ಚ್ 31, ಶುಕ್ರವಾರ

ಸಂಜೆ ಸುದ್ದಿ ಬಂತು. ಮೇಘಾಲಯಕ್ಕೂ ಸಿಕ್ಕಿಮಿಗೂ ಅಂತರದ ನಿಯಮ ಬೇಡ ಎಂದಿದೆ ಕೋರ್ಟು! ಕಚೇರಿಯಲ್ಲಿ ಕೇಕೆ. ಕಮರಿಯ ಅಂಗಡಿಯವನು ಫೋನ್ ಮಾಡಿ, "ಹದ್ದನ್ನ ವಾಪಸ್ ಕಳಿಸಿದೆ ಕಣೋ!" ಎಂದು ಕಿರುಚಿದ.

ಇಪ್ಪತ್ತೊಂದು ಅಂಗಡಿ ಉಳಿದವು. ಇನ್ನು ಯಾರೂ ಆ ವಹಿಯನ್ನು ತೆರೆಯುವುದಿಲ್ಲ. ನಾಲ್ಕು ವಾರದ ಮೇಲೆ ಎದೆಯ ಮೇಲಿನ ಕಲ್ಲು ಇಳಿಯಿತು. ರಿಲಿನ್ ಮನೆಗೆ ಓಡಿದೆ. ಮಕ್ಕಳು ಕುಣಿಯುತ್ತಿದ್ದರು. ಅವಳು ಒಲೆಯ ಮುಂದೆ ಕುಳಿತಿದ್ದಳು.

"ಅಣ್ಣಾ, ಎಲ್ರದ್ದೂ ಉಳೀತು. ಕಾಂಗ್ ಎಸ್ಟಿನಾದು ಮಾತ್ರ ಇಲ್ಲ."

"ಅವಳೇ ತಾನಾಗಿ ಕೊಟ್ಟದ್ದಲ್ವೇನೆ?"

"ಅವಳು ಕೊಟ್ಟದ್ದು ಯಾಕೆ?" ಎಂದಳು.

ನಾನು ಚಹಾ ಕುಡಿಯದೆ ಎದ್ದು ಬಂದೆ. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದೆನೋ ಅವಳೇ ಹೀಗೆ ಕೇಳುತ್ತಾಳೆ!

ಏಪ್ರಿಲ್ 5, ಬುಧವಾರ

ಕಲ್ಲು ಇಳಿದಿಲ್ಲ. ಜಾಗ ಬದಲಿಸಿದೆ ಅಷ್ಟೇ.

ಕಾಂಗ್ ಎಸ್ಟಿನಾ ಅರ್ಜಿ ಹಾಕಿದ್ದಾಳೆ. ಸೋತುನ್ ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿದರು. "ತಾನಾಗಿ ಒಪ್ಪಿಸಿದ ಪರವಾನಗಿ ವಾಪಸ್ ಕೊಡೋಕೆ ಬರಲ್ಲ. ಆದ್ರೆ ಅಳತೆ ತಪ್ಪಿತ್ತು, ಆ ತಪ್ಪನ್ನ ನಂಬಿ ಒಪ್ಪಿಸಿದ್ಲು ಅಂತಾದ್ರೆ ನಾನು ವಾಪಸ್ ಕೊಡಿಸ್ತೀನಿ. ಬೆಟ್ಟದ ದಾರಿ, ಏಳೆಂಟು ಮೀಟರ್ ಆಚೀಚೆ ಆಗೋದು ಸಹಜ. ನಿನಗೇನೂ ಆಗಲ್ಲ. ಮುದುಕಿ ರಸ್ತೆ ಬದೀಲಿ ಕೂತು ಜಲ್ಲಿ ಒಡೀತಾ ಇದಾಳೆ ಕಣೋ. ಶುಕ್ರವಾರ ಇನ್ನೊಂದು ಸಲ ಅಳೆದು ಬಾ. ಮುಖಂಡ ಒಲಿನ್‌ಸಿಂಗ್ ಸಾಕ್ಷಿಗೆ ಇರ್ತಾರೆ."

ಏನೂ ಆಗಲ್ಲವಂತೆ. ಒಂದು ಅಂಕಿ ತಪ್ಪು ಎಂದಮೇಲೆ ಅದರ ಮೇಲಿನ ಅಂಕಿಯನ್ನು ನೋಡದೆ ಬಿಡುತ್ತಾರೆಯೇ? ಆಗ ಕುಲದ ಹೆಸರು ನೋಡುತ್ತಾರೆ. ಊರಿನಲ್ಲಿ ವಿಚಾರಿಸುತ್ತಾರೆ. ನನ್ನ ಫೈಲು ಸೋಮವಾರವೇ ಶಿಲ್ಲಾಂಗಿಗೆ ಹೋಗಿದೆ, "ಅತ್ಯಂತ ಪ್ರಾಮಾಣಿಕ" ಎಂಬ ಸಾಲಿನ ಸಮೇತ. ಅಲ್ಲದೆ ತಪ್ಪು ಎಲ್ಲಿದೆ? ಅವತ್ತು ಅಳೆದಾಗ ಬಂದಷ್ಟು ಬರೆದಿದ್ದೇನೆ. ಕಷ್ಟ ಎಲ್ಲರಿಗೂ ಇದೆ. ಅವಳ ಮೇಲೆ ಕನಿಕರ ಇದೆ ಎಂದು ಅಂಕಿ ತಿದ್ದುವುದು ಮೋಸವಲ್ಲವೇ?

ಏಪ್ರಿಲ್ 7, ಶುಕ್ರವಾರ

ಹನ್ನೊಂದು ಗಂಟೆಗೆ ಹೋದೆ. ಚೆನ್ನಾಗಿ ಬಿಸಿಲಿತ್ತು. ಕಾಂಗ್ ಎಸ್ಟಿನಾ ಜಲ್ಲಿರಾಶಿಯಿಂದ ಎದ್ದು ಬಂದಳು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು, ರೆಪ್ಪೆಯ ಮೇಲೆಲ್ಲ ಕಲ್ಲಿನ ಧೂಳು. ರಿಲಿನ್ ಕೂಡ ಬಂದು ಸ್ವಲ್ಪ ದೂರದಲ್ಲಿ ನಿಂತಳು, ಯಾರೂ ಕರೆದಿರಲಿಲ್ಲ.

"ಈ ಸಲ ನಿಧಾನಕ್ಕೆ ತಳ್ಳು ಮಗಾ. ಮಂಜೂ ಇಲ್ಲ" ಎಂದಳು ಕಾಂಗ್.

ನಿಧಾನವಾಗಿಯೇ ತಳ್ಳಿದೆ. ಅವಳು ಪಕ್ಕದಲ್ಲಿ, ಹಿಂದೆ ಒಲಿನ್‌ಸಿಂಗ್ ಏದುಸಿರು ಬಿಡುತ್ತ. ಹಳ್ಳ ಬಳಸಿ, ಬಿದಿರಿನ ಮೆಳೆ ದಾಟಿ ಹೋದೆವು. ಮುಚ್ಚಿದ ಅಂಗಡಿಯ ಹೊಸ್ತಿಲಿಗೆ ಚಕ್ರ ತಾಗಿಸಿ ನಿಲ್ಲಿಸಿದೆ.

"ನೀನೇ ಓದಪ್ಪಾ. ಬಗ್ಗಿದ್ರೆ ನನ್ನ ಸೊಂಟ ವಾಪಸ್ ಬರಲ್ಲ" ಎಂದರು ಒಲಿನ್‌ಸಿಂಗ್.

"ನನ್ನ ಕಣ್ಣಿಗೂ ಆ ಸಣ್ಣಂಕಿ ಕಾಣಲ್ಲ. ಹೇಳು ಮಗಾ" ಎಂದಳು ಕಾಂಗ್ ಎಸ್ಟಿನಾ.

ಬಗ್ಗಿದೆ. "ನಾನೂರ ತೊಂಬತ್ತಮೂರು" ಎಂದೆ.

ಅವಳು ತಲೆಯಾಡಿಸಿದಳು. "ಎರಡು ಸಲವೂ ಅಷ್ಟೇ ಬಂತು ಅಂದ್ರೆ ಅಷ್ಟೇ ಬಿಡು. ನಿನಗೆ ಸುಮ್ನೆ ತೊಂದ್ರೆ ಕೊಟ್ಟೆ. ಮನಸ್ಸಿಗೆ ಹಚ್ಕೋಬೇಡ" ಎಂದು ಬಟ್ಟೆ ಸುತ್ತಿದ ಕೈಯಿಂದ ನನ್ನ ಕೆನ್ನೆ ಮುಟ್ಟಿದಳು. ಒಲಿನ್‌ಸಿಂಗ್ ಸಾಕ್ಷಿ ರುಜು ಹಾಕಿದರು. ರಿಲಿನ್ ಎಷ್ಟೊತ್ತಿಗೆ ಹೊರಟುಹೋದಳೋ ನೋಡಲಿಲ್ಲ. ಅವಳ ಅಂಗಡಿಯ ಮುಂದೆಯೇ ಹಾದು ಬಂದೆ. ಮಕ್ಕಳು "ಮಾವಾ" ಎಂದು ಓಡಿಬಂದರು, ಅವಳು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡಳು. ಈ ಹೆಂಗಸರಿಗೆ ಏನು ಮಾಡಿದರೂ ಅಷ್ಟೇ.

ಕಚೇರಿಗೆ ಬಂದು ವರದಿ ಕೊಟ್ಟೆ. ಸೋತುನ್ ಸಾಹೇಬರು, "ಡಬ್ಬಿಯಲ್ಲಿ ಅಂಕಿ ಸರಿಯಾಗಿ ನೋಡಿದೆಯಾ?" ಎಂದು ಕೇಳಿದರು. "ನೋಡಿದೆ ಸರ್" ಎಂದೆ. ಈಗ ಬರೆಯುತ್ತ ಕುಳಿತಾಗ ಅನಿಸುತ್ತಿದೆ, ಬಗ್ಗಿದ್ದೇನೋ ನಿಜ, ಆದರೆ ಅದರಲ್ಲಿ ಎಷ್ಟಿತ್ತು ಎಂದು ನೆನಪಾಗುತ್ತಿಲ್ಲ. ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ನೋಡುವ ಅಗತ್ಯವೂ ಇರಲಿಲ್ಲ. ಎಷ್ಟೆಂದು ನನಗೆ ಗೊತ್ತೇ ಇತ್ತು.